ಕಾಂಟ್ಯಾಕ್ಟ್ ಲೆನ್ಸ್ ಹಾಕೋಕೆ ರೆಡಿ ಇದೀರಾ? ದುಡ್ಡು ಕೊಡೋಕೆ ಮುಂಚೆ ಹಂತ ಹಂತವಾಗಿ ನೋಡ್ಕೊಳ್ಳೋದು ಹೇಗೆ

ಹಾಸನದಲ್ಲಿ ಲೆನ್ಸ್ ಫಿಟ್ಟಿಂಗ್ ಕೆಲಸ ಮಾಡೋದ್ರಿಂದ ಒಂದೇ ತರದ ಕೇಸು ಪದೇ ಪದೇ ನೋಡ್ತಿರ್ತೀನಿ. ಕನ್ನಡಕದ ಚೀಟಿ ನೋಡ್ಕೊಂಡು ಆನ್‌ಲೈನಲ್ಲಿ ಅದೇ ನಂಬರ್ ಹೊಡೆದು ಲೆನ್ಸ್ ತರಿಸಿರ್ತಾರೆ, ಮೊದಲನೇ ದಿನ ಕನ್ನಡಿ ಮುಂದೆ ಒದ್ದಾಡಿ ಒದ್ದಾಡಿ ಹೇಗೋ ಹಾಕ್ಕೊಂಡಿರ್ತಾರೆ, ರಾತ್ರಿ ತೆಗೆಯೋಕೆ ಬರದೆ ಭಯ ಆಗಿ ಹಾಗೇ ಮಲಗಿಬಿಟ್ಟಿರ್ತಾರೆ, ಬೆಳಿಗ್ಗೆ ಕಣ್ಣು ಕೆಂಪಗಾಗಿ ನೀರು ಸುರಿಸ್ಕೊಂಡು ಬಂದು "ನನಗೆ ಲೆನ್ಸ್ ಆಗಿಬರಲ್ಲ ಬಿಡಿ" ಅಂತಾರೆ. ಎಷ್ಟೋ ಜನರ ಕಣ್ಣಲ್ಲಿ ಏನೂ ದೋಷ ಇರಲ್ಲ, ಕೊನೆಗೆ ಮಾಡಬೇಕಾದ್ದನ್ನ ಮೊದಲು ಮಾಡಿರ್ತಾರೆ ಅಷ್ಟೇ.

ಲೆನ್ಸ್ ಕೊಳ್ಳೋದು ಕೊನೇ ಹೆಜ್ಜೆ. ಅದಕ್ಕೂ ಮುಂಚೆ ನೋಡಬೇಕಾದ್ದು ಮನುಷ್ಯನ್ನ, ಆಮೇಲೆ ಅವರ ದಿನಚರಿನ, ಆಮೇಲೆ ಕಣ್ಣನ್ನ. ಹಾಕೋದನ್ನ ಯಾರು ಬೇಕಾದ್ರೂ ಕಲೀತಾರೆ, ಆದ್ರೆ ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಬಂದಾಗ್ಲೂ ಕೈ ತೊಳ್ದು ಲೆನ್ಸ್ ತೆಗೆದು ಮಲಗೋ ಜನಾನಾ ನೀವು ಅನ್ನೋದರ ಮೇಲೆ ಎಲ್ಲಾ ನಿಂತಿರೋದು. ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಒಂದು ಹಂತ ದಾಟದೆ ಮುಂದಿನದಕ್ಕೆ ಹೋಗಬೇಡಿ.

## ಮೊದಲು ಬೇಕಾಗೋ ಸಾಮಾನು

ಈಗಲೇ ಲೆನ್ಸೂ ಬೇಡ, ಅದನ್ನ ತೊಳೆದು ನೆನೆಸಿಡೋ ಸೊಲ್ಯೂಷನ್ನೂ ಬೇಡ. ಇಷ್ಟು ಸಾಕು:

- ಈಗಿನ ನಂಬರಿಗೆ ಸರಿಯಾಗಿರೋ ಕನ್ನಡಕ. ಇದು ಇಲ್ಲದೆ ಲೆನ್ಸ್ ಯೋಚನೆನೇ ಮಾಡಬೇಡಿ. ಕಣ್ಣು ನೋವು ಬಂದ ದಿನ ಹಾಕ್ಕೊಳ್ಳೋಕೆ ಬೇರೇನೂ ಇಲ್ಲ ಅಂತ ಅದೇ ಲೆನ್ಸ್ ಮತ್ತೆ ಹಾಕ್ಕೊಳ್ಳೋರೇ ಜಾಸ್ತಿ ತೊಂದರೆಗೆ ಸಿಕ್ಕಿಹಾಕ್ಕೊಳ್ಳೋದು.
- ಕ್ರೀಮು, ಘಮ ಇಲ್ಲದ ಸಾದಾ ಸೋಪು.
- ನೂಲು ಉದುರದ ಒಂದು ಚಿಕ್ಕ ಟವೆಲ್, ಮನೆಯಲ್ಲಿ ಬೇರೆ ಯಾರೂ ಮುಟ್ಟದ್ದು.
- ನೇಲ್ ಕಟರ್, ಮೇಜಿನ ಮೇಲೆ ನಿಲ್ಲಿಸೋ ಕನ್ನಡಿ.
- ಒಂದು ಚಾರ್ಜಿಂಗ್ ಲೈಟ್. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟ್ ಯಾವಾಗ ಬರತ್ತೋ ಯಾವಾಗ ಹೋಗತ್ತೋ, ಕತ್ತಲಲ್ಲಿ ಲೆನ್ಸ್ ತೆಗೆಯೋಕಾಗಲ್ಲ ಅಂತ ಹಾಗೇ ಮಲಗಿದೆ ಅನ್ನೋ ನೆಪ ಬೇಡ.
- ಪ್ರಿಸರ್ವೇಟಿವ್ ಇಲ್ಲದ ಲೂಬ್ರಿಕೆಂಟ್ ಡ್ರಾಪ್ಸ್, ಕಣ್ಣಿನ ಡಾಕ್ಟರನ್ನ ಕೇಳಿ ತಗೊಂಡಿದ್ದು.
- ಗೋಡೆ ಮೇಲೆ ಒಂದು ಕ್ಯಾಲೆಂಡರ್, ಪೆನ್ನು.

## ಹಂತ 1: ಯಾರಿಗೆ ಬೇಕು, ಯಾಕೆ ಬೇಕು

ಸುಲಭದ ಪ್ರಶ್ನೆ ಅನ್ಸತ್ತೆ, ಆದ್ರೆ ಅರ್ಧ ಕೇಸು ಇಲ್ಲೇ ಗೊತ್ತಾಗತ್ತೆ. "ನಮ್ ಹುಡುಗಿಗೆ ಕನ್ನಡಕ ಚೆನ್ನಾಗ್ ಕಾಣಲ್ಲ, ಲೆನ್ಸ್ ಹಾಕ್ಸಿ" ಅಂತ ತಾಯಿ ಮಾತಾಡ್ತಿರ್ತಾರೆ, ಹುಡುಗಿ ಪಕ್ಕದಲ್ಲಿ ಮೊಬೈಲ್ ನೋಡ್ತಾ ಕೂತಿರ್ತಾಳೆ. ಇದು ರೆಡಿ ಅಲ್ಲ. ಹಾಕೋರೇ ಬಾಯಿಬಿಟ್ಟು ಕೇಳಬೇಕು, ಯಾಕೆ ಅಂತ ಅವರೇ ಹೇಳಬೇಕು.

ಷಟಲ್ ಆಡುವಾಗ ಕನ್ನಡಕ ಜಾರತ್ತೆ, ಮಳೇಲಿ ಬೈಕ್ ಓಡಿಸುವಾಗ ಗಾಜು ಮಂಜಾಗತ್ತೆ, ಒಂದು ಕಣ್ಣಿಗೆ ಮೈನಸ್ 1 ಇನ್ನೊಂದಕ್ಕೆ ಮೈನಸ್ 6 ಇದ್ದು ಕನ್ನಡಕದಲ್ಲಿ ತಲೆ ಸುತ್ತತ್ತೆ, ಇವೆಲ್ಲ ಗಟ್ಟಿ ಕಾರಣ. ಇಂಥವರು ಕಲಿಯೋಕೆ ಒಂದು ವಾರ ಕಷ್ಟ ಆದ್ರೂ ಬಿಡಲ್ಲ. ಚೆನ್ನಾಗಿ ಕಾಣಬೇಕು ಅನ್ನೋದೂ ಕಾರಣನೇ, ತಪ್ಪೇನಿಲ್ಲ, ಆದ್ರೆ ಅದೊಂದೇ ಇದ್ರೆ ನಾಲ್ಕನೇ ಹಂತದ ಪರೀಕ್ಷೆ ಸ್ವಲ್ಪ ಗಟ್ಟಿಯಾಗೇ ಮಾಡಿ. ಪೊಲೀಸ್ ಭರ್ತಿಗೆ, ಆರ್ಮಿ ಭರ್ತಿಗೆ ನಂಬರ್ ಮುಚ್ಚಿಡೋಕೆ ಅಂತ ಬರೋರಿಗೆ ಒಂದೇ ಮಾತು: ಕಣ್ಣಲ್ಲಿ ಲೆನ್ಸ್ ಇರೋದು ಸ್ಲಿಟ್ ಲ್ಯಾಂಪ್ ಅನ್ನೋ, ಕಣ್ಣನ್ನ ದೊಡ್ಡದಾಗಿ ತೋರಿಸೋ ಮಷಿನ್ನಿಗೆ ಹಣೆ ಇಟ್ಟ ತಕ್ಷಣ ಕಾಣತ್ತೆ, ಸುಮ್ನೆ ದುಡ್ಡು ದಂಡ.

## ಹಂತ 2: ವಯಸ್ಸಿನ ಲೆಕ್ಕ

"ಎಷ್ಟು ವರ್ಷಕ್ಕೆ ಹಾಕ್ಬೋದು ಸಾರ್" ಅಂತ ಎಲ್ರೂ ಕೇಳ್ತಾರೆ. ಇಷ್ಟೇ ವಯಸ್ಸು ಅಂತ ಗೆರೆ ಇಲ್ಲ. 8 ವರ್ಷದ ಮಕ್ಕಳೂ ಹೇಳಿಕೊಟ್ರೆ ಸರಿಯಾಗಿ ಹಾಕಿ ತೆಗೀತಾರೆ. ಮೈನಸ್ ನಂಬರ್ ಏರೋದನ್ನ ನಿಧಾನ ಮಾಡೋ ಮೈಸೈಟ್ ಅನ್ನೋ ಡೈಲಿ ಲೆನ್ಸಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿದ್ದು 8ರಿಂದ 12 ವರ್ಷದೊಳಗೆ ಶುರು ಮಾಡೋ ಮಕ್ಕಳಿಗೇ. ಆ ಕಡೆ 19 ವರ್ಷದ ಇಂಜಿನಿಯರಿಂಗ್ ಹುಡುಗ ಹಾಸ್ಟೆಲ್ ರೂಮಲ್ಲಿ ವಾರದ ಬಟ್ಟೆ ಗುಡ್ಡೆ ಹಾಕ್ಕೊಂಡು ಅದರ ಮೇಲೇ ಮಲಗೋನಾಗಿದ್ರೆ ಅವನಿಗೆ ವಯಸ್ಸಾಗಿದೆ ಅಂತ ಲೆನ್ಸ್ ಕೊಡೋಕಾಗತ್ತಾ.

ಮಕ್ಕಳ ವಿಷಯದಲ್ಲಿ ನಾನು ಅಪ್ಪ ಅಮ್ಮನ್ನ ಕೇಳೋದು ಮೂರು: ಹೇಳದೆ ಹಲ್ಲುಜ್ಜತ್ತಾ, ಕನ್ನಡಕನ ರಾತ್ರಿ ಡಬ್ಬಿಗೆ ಹಾಕಿ ಇಡತ್ತಾ ಇಲ್ಲ ದಿಂಬಿನ ಪಕ್ಕ ಎಸೆಯತ್ತಾ, ಕಣ್ಣಲ್ಲಿ ಏನೋ ಬಿದ್ರೆ ಬಂದು ಹೇಳತ್ತಾ ಇಲ್ಲ ಬೈತಾರೆ ಅಂತ ಮುಚ್ಚಿಡತ್ತಾ. ಮೂರನೇದು ಎಲ್ಲಕ್ಕಿಂತ ಮುಖ್ಯ. ನೋವನ್ನ ಮುಚ್ಚಿಡೋ ಮಗುಗೆ ಎಷ್ಟೇ ಚೊಕ್ಕಟ ಇದ್ರೂ ಲೆನ್ಸ್ ಬೇಡ.

40 ದಾಟಿದವರಿಗೆ ಬೇರೆ ಪ್ರಶ್ನೆ. ಲೆನ್ಸ್ ಹಾಕಿದ ಮೇಲೆ ದೂರ ಚೆನ್ನಾಗಿ ಕಂಡು ಪೇಪರ್ ಓದೋಕೆ ಮತ್ತೆ ಕನ್ನಡಕ ಬೇಕಾಗಬಹುದು, ಅದಕ್ಕೆ ಮಲ್ಟಿಫೋಕಲ್ ಲೆನ್ಸ್ ಇದೆ, ಆದ್ರೆ ಒಗ್ಗಿಕೊಳ್ಳೋಕೆ ಟೈಮ್ ಬೇಕು. ಮೊದಲೇ ಕೇಳ್ಕೊಂಡ್ರೆ ಆಮೇಲೆ ಬೇಜಾರಿಲ್ಲ.

## ಹಂತ 3: ನಿಮ್ಮ ದಿನ ಲೆನ್ಸಿಗೆ ಹೊಂದತ್ತಾ

ಒಂದು ಹಾಳೆ ತಗೊಂಡು ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡ್ತೀರಾ ಬರೀರಿ. ಅದರಲ್ಲಿ ನೀರು, ಧೂಳು, ನಿದ್ದೆ ಈ ಮೂರು ಎಲ್ಲಿ ಬರತ್ತೆ ಅಂತ ಗುರುತು ಹಾಕಿ.

ನೀರು ಅಂದ್ರೆ ಎಲ್ಲಾ ನೀರೂ. ನಲ್ಲಿ ನೀರು, ಬೋರ್‌ವೆಲ್, ಬಾವಿ, ಫಿಲ್ಟರ್ ನೀರು, ಕಾಯಿಸಿ ಆರಿಸಿದ್ದು, ಹೊಳೆ, ಸ್ವಿಮ್ಮಿಂಗ್ ಪೂಲ್. ನೀರಲ್ಲಿ ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣದ ಜೀವಿ ಇರಬಹುದು, ಅದು ಲೆನ್ಸಿಗೆ ಅಂಟಿಕೊಂಡು ಕರಿಗುಡ್ಡೆ ಒಳಗೆ ಸೇರಿದ್ರೆ ಟ್ರೀಟ್ಮೆಂಟ್ ತಿಂಗಳುಗಟ್ಟಲೆ ಎಳೆಯತ್ತೆ, ದೃಷ್ಟಿನೇ ಹೋಗಬಹುದು. ಅಪರೂಪದ ಇನ್ಫೆಕ್ಷನ್, ಆದ್ರೆ ಬಂದ್ರೆ ಬಹಳ ಕೆಟ್ಟದ್ದು. ಹಾಗಾಗಿ ಲೆನ್ಸ್ ಹಾಕ್ಕೊಂಡು ಸ್ನಾನ ಇಲ್ಲ, ವೀಕೆಂಡಲ್ಲಿ ಹೆಬ್ಬೆ ಫಾಲ್ಸು, ಕಲ್ಲತ್ತಿಗಿರಿ ಕೆಳಗೆ ತಲೆ ಒಡ್ಡೋದೂ ಇಲ್ಲ. "ತೀರ್ಥದ ನೀರು ಏನಾಗಲ್ಲ" ಅನ್ನೋರಿಗೆ ನಾನು ವಾದ ಮಾಡಲ್ಲ, ಲೆನ್ಸ್ ಕೊಡಲ್ಲ ಅಷ್ಟೇ.

ಧೂಳಿನ ವಿಷಯ ನಮ್ಮ ಕಡೆಯವರಿಗೆ ಸ್ಪೆಷಲ್. ಕಾಫಿ ಕಣದಲ್ಲಿ ನಿಲ್ಲೋರು, ಜೋಳದ ಒಕ್ಕಣೆ ಮಾಡ್ಸೋರು, ಆಲೂಗಡ್ಡೆ ಶುಂಠಿ ಹೊಲಕ್ಕೆ ಗೊಬ್ಬರ ಎರಚೋರು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋ ದಿನ ಅಲ್ಲೇ ಇರೋರು, ಇವರು ಲೆನ್ಸ್ ಹಾಕಲೇಬಾರದು ಅಂತಿಲ್ಲ, ಆದ್ರೆ ಆ ಕೆಲಸದ ಹೊತ್ತಲ್ಲಿ ಕನ್ನಡಕಕ್ಕೆ ಬದಲಾಯಿಸ್ಕೊಳ್ಳೋ ಮನಸ್ಸಿರಬೇಕು. ಬೋರ್ಡೋದಲ್ಲಿ ಮೈಲುತುತ್ತ, ಸುಣ್ಣ ಎರಡೂ ಇರತ್ತೆ, ಹನಿ ಸಿಡಿದು ಕಣ್ಣಿಗೆ ಬಿದ್ರೆ ಲೆನ್ಸ್ ಅದನ್ನ ಹಿಡ್ಕೊಂಡು ಕೂರತ್ತೆ. ಸ್ಪ್ರೇ ದಿನ ಕಡ್ಡಾಯವಾಗಿ ಕನ್ನಡಕ, ಅದರ ಮೇಲೆ ಸೇಫ್ಟಿ ಗಾಗಲ್. ಕಾಂಗ್ರೆಸ್ ಗಿಡದ ಅಲರ್ಜಿಗೋ ಬೇರೆ ಯಾವುದಕ್ಕೋ ವರ್ಷವರ್ಷ ಕಣ್ಣು ತುರಿಸೋರು ತುರಿಕೆ ಇಲ್ಲದ ಸೀಸನ್ನಲ್ಲಿ ಶುರು ಮಾಡಿ, ತುರಿಕೆ ಜೋರಿದ್ದಾಗ ಅಲ್ಲ.

ಮೂರನೇದು ನಿದ್ದೆ. ಹಾಸನದಿಂದ ಬೆಂಗಳೂರಿಗೆ ಬಸ್ ಹತ್ತಿದ್ರೆ ಚನ್ನರಾಯಪಟ್ಟಣ ದಾಟೋದ್ರೊಳಗೆ ಕುತ್ತಿಗೆ ವಾಲಿಸೋರು ನೀವಾದ್ರೆ ಅದೂ ಲೆಕ್ಕಕ್ಕೆ ಬರತ್ತೆ. ಲೆನ್ಸ್ ಹಾಕ್ಕೊಂಡು ಮಲಗಿದ್ರೆ ಇನ್ಫೆಕ್ಷನ್ ಅಪಾಯ 6ರಿಂದ 8 ಪಟ್ಟು ಹೆಚ್ಚಾಗತ್ತೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳತ್ತೆ. ನೈಟ್ ಬಸ್ಸಿಗೆ ಕನ್ನಡಕ ಹಾಕ್ಕೊಂಡೇ ಹತ್ತಿ.

ಅಡುಗೆ ಮನೆ ಬಗ್ಗೆ ಒಂದು ಸುಳ್ಳು ಓಡಾಡ್ತಿದೆ, ಒಲೆ ಬಿಸಿಗೆ ಲೆನ್ಸ್ ಕರಗಿ ಕಣ್ಣಿಗೆ ಅಂಟ್ಕೊಳ್ಳತ್ತೆ ಅಂತ. ಹಾಗೇನೂ ಆಗಲ್ಲ. ಸೌದೆ ಒಲೆ ಹೊಗೆಗೆ ಒಗ್ಗರಣೆ ಘಾಟಿಗೆ ಕಣ್ಣು ಉರಿಯಬಹುದು, ಆದ್ರೆ ನಿಜವಾದ ಸಮಸ್ಯೆ ಮೆಣಸಿನಕಾಯಿ ಹೆಚ್ಚಿದ ಕೈ. ಅಡುಗೆ ಮಾಡೋರು ಬೆಳಿಗ್ಗೆ ಅಡುಗೆಗೆ ಮುಂಚೆ ಲೆನ್ಸ್ ಹಾಕಿಬಿಡಿ, ರಾತ್ರಿ ತೆಗೆಯೋಕೆ ಮುಂಚೆ ಎರಡು ಮೂರು ಸಲ ಸೋಪು ಹಾಕಿ ತೊಳೀರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚೋದೂ ಲೆನ್ಸ್ ಹಾಕಿದ ಮೇಲೇ.

## ಹಂತ 4: ಒಂದು ವಾರದ ಮನೆ ಪರೀಕ್ಷೆ

ಈ ಹಂತ ಬಿಟ್ಟು ಮುಂದೆ ಹೋಗೋರೇ ಫೇಲ್ ಆಗೋದು, ಅದಕ್ಕೆ ಇಲ್ಲಿ ಸ್ವಲ್ಪ ಉದ್ದ ಬರೀತೀನಿ. ಖರ್ಚಿಲ್ಲ, ಲೆನ್ಸ್ ಬೇಕಿಲ್ಲ. ಏಳು ದಿನ, ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ, ಒಟ್ಟು 14 ಸಲ.

1. ಉಗುರು ನೋಡ್ಕೊಳ್ಳಿ. ಅಂಗೈ ನಿಮ್ಮ ಕಡೆ ತಿರುಗಿಸಿದಾಗ ಬೆರಳ ತುದಿ ದಾಟಿ ಉಗುರು ಕಾಣ್ತಿದ್ರೆ ಕತ್ತರಿಸಿ.
2. ಸೋಪಲ್ಲಿ 20 ಸೆಕೆಂಡು ಕೈ ತೊಳೀರಿ, ಬೆರಳ ಸಂದಿ, ಉಗುರಿನ ಬುಡ ಎಲ್ಲಾ. ಆ ಚಿಕ್ಕ ಟವೆಲಲ್ಲಿ ಪೂರ್ತಿ ಒರೆಸಿ. ಒದ್ದೆ ಕೈ ಇನ್ನೂ ಕೊಳಕು ಅಂತಾನೇ ಲೆಕ್ಕ, ಲುಂಗಿಗೆ ದುಪಟ್ಟಾಗೆ ಒರೆಸಿದ್ರೂ ಅಷ್ಟೇ.
3. ಕನ್ನಡಿ ಮುಂದೆ ಕೂತು ಎಡಗೈ ನಡುಬೆರಳಲ್ಲಿ ಮೇಲಿನ ರೆಪ್ಪೆನ ಕೂದಲ ಬುಡದಲ್ಲೇ ಹಿಡಿದು ಮೇಲೆತ್ತಿ, ಬಲಗೈ ನಡುಬೆರಳಲ್ಲಿ ಕೆಳಗಿನ ರೆಪ್ಪೆ ಇಳಿಸಿ. ಮನಸ್ಸಲ್ಲಿ ಹತ್ತು ಎಣಿಸೋವರೆಗೆ ಹಾಗೇ ಹಿಡ್ಕೊಳ್ಳಿ. ಮೊದಲೆರಡು ದಿನ ಮೂರು ಎಣಿಸೋದ್ರೊಳಗೆ ರೆಪ್ಪೆ ಜಾರತ್ತೆ, ಪರವಾಗಿಲ್ಲ. ರೆಪ್ಪೆನ ಮಧ್ಯದಲ್ಲಿ ಹಿಡಿದ್ರೆ ಜಾರತ್ತೆ, ಅಂಚಲ್ಲಿ ಹಿಡಿದ್ರೆ ನಿಲ್ಲತ್ತೆ.
4. ರಾತ್ರಿ ಮಾತ್ರ ಮೇಲೆ ನೋಡಿ ಒಂದೊಂದು ಹನಿ ಡ್ರಾಪ್ಸ್ ನೀವೇ ಹಾಕ್ಕೊಳ್ಳಿ. ಬೇರೆಯವರ ಹತ್ರ ಹಾಕಿಸ್ಕೋಬೇಡಿ. ಬರೀ ಬೆರಳಲ್ಲಿ ಕರಿಗುಡ್ಡೆ ಮುಟ್ಟೋಕೆ ಹೋಗಬೇಡಿ, ಅದು ಈ ಪರೀಕ್ಷೆಯಲ್ಲಿ ಇಲ್ಲ.
5. ಕನ್ನಡಕ ಒರೆಸಿ ಡಬ್ಬಿಗೆ ಹಾಕಿ, ಕ್ಯಾಲೆಂಡರಲ್ಲಿ ಟಿಕ್ ಹಾಕಿ.

ಎರಡು ಷರತ್ತು. ಮನೆಯವರು ನೆನಪಿಸೋ ಹಾಗಿಲ್ಲ. ಮತ್ತೆ ಆ ವಾರದಲ್ಲಿ ಒಂದು ದಿನ ಆದ್ರೂ ನೀವು ಲೇಟಾಗಿ ಮನೆಗೆ ಬರೋ ದಿನ ಇರಬೇಕು, ಜಾತ್ರೆನೋ ಬರ್ತ್‌ಡೇ ಪಾರ್ಟಿನೋ ಏನೋ ಒಂದು. ಸುಮ್ನೆ ಮನೇಲಿ ಕೂತಿರೋ ರಜೆ ವಾರದಲ್ಲಿ ಮಾಡಿದ್ರೆ ಎಲ್ರೂ ಪಾಸ್ ಆಗ್ತಾರೆ.

ಎಣಿಸೋ ರೀತಿ ನನ್ನದೇ, ಪುಸ್ತಕದಲ್ಲಿ ಹುಡುಕಬೇಡಿ. 14ರಲ್ಲಿ 12 ಅಥವಾ ಜಾಸ್ತಿ ಟಿಕ್ ಬಿದ್ರೆ ಯಾವ ಲೆನ್ಸ್ ಬಗ್ಗೆ ಬೇಕಾದ್ರೂ ಮಾತಾಡಬಹುದು. 9ರಿಂದ 11 ಬಂದ್ರೆ ಡೈಲಿ ಡಿಸ್ಪೋಸಬಲ್ ಮಾತ್ರ, ಅಂದ್ರೆ ದಿನಾ ಹೊಸದು ಹಾಕಿ ರಾತ್ರಿ ಎಸೆಯೋದು, ತೊಳೆಯೋ ಕೆಲಸ ಇಲ್ಲ. ಅದಕ್ಕಿಂತ ಕಮ್ಮಿ ಇದ್ರೆ ಈಗ ಬೇಡ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿ. ರಾತ್ರಿಯ ಟಿಕ್ಕುಗಳೇ ತಪ್ಪಿದ್ದಾ ಅಂತನೂ ನೋಡಿ, ಬೆಳಿಗ್ಗೆದು ತಪ್ಪಿದ್ರೆ ಆ ದಿನ ಕನ್ನಡಕ ಹಾಕ್ಕೊಂಡು ಹೋಗ್ತೀರಾ ಅಷ್ಟೇ, ರಾತ್ರಿದು ತಪ್ಪಿದ್ರೆ ಲೆನ್ಸ್ ಕಣ್ಣಲ್ಲೇ ಉಳಿಯತ್ತೆ.

## ಹಂತ 5: ಕಣ್ಣಿನ ತಪಾಸಣೆ

ಬರೀ ಕಂಪ್ಯೂಟರಲ್ಲಿ ನಂಬರ್ ತೆಗೆಸೋದು ತಪಾಸಣೆ ಅಲ್ಲ. ಲೆನ್ಸಿಗೆ ಅಂತ ಹೋದಾಗ ನಂಬರ್ ಜೊತೆಗೆ ಕರಿಗುಡ್ಡೆಯ ಬಾಗು ಅಳೆಯೋ ಕೆರಟೋಮೆಟ್ರಿ, ಸ್ಲಿಟ್ ಲ್ಯಾಂಪಲ್ಲಿ ಕಣ್ಣಿನ ಮೇಲ್ಮೈ ನೋಡೋದು, ಮೇಲಿನ ರೆಪ್ಪೆ ಮಗುಚಿ ಒಳಗಡೆ ಗುಳ್ಳೆ ಇದ್ಯಾ ನೋಡೋದು, ಕಣ್ಣೀರು ಎಷ್ಟು ಹೊತ್ತು ನಿಲ್ಲತ್ತೆ ಅಂತ ನೋಡೋದು, ಇಷ್ಟೂ ಆಗಬೇಕು. ಕಣ್ಣು ಮಿಟುಕಿಸಿದ ಮೇಲೆ ಕಣ್ಣೀರಿನ ಪದರ 10 ಸೆಕೆಂಡಿಗೂ ಮುಂಚೆ ಒಡೆದು ಹೋಗ್ತಿದ್ರೆ ಕಣ್ಣು ಒಣಗ್ತಿದೆ ಅಂತ ಅರ್ಥ, ಮೊದಲು ಅದಕ್ಕೆ ಟ್ರೀಟ್ಮೆಂಟ್.

ಕೇಳದಿದ್ರೂ ನೀವಾಗೇ ಹೇಳಬೇಕಾದ್ದು ಕೆಲವು ಇದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೋತಿದ್ರೆ ಹೇಳಿ, ಅದು ಕಣ್ಣು ಚೆನ್ನಾಗೇ ಒಣಗಿಸತ್ತೆ. ಅಲರ್ಜಿ ಮಾತ್ರೆನೂ ಹಾಗೇ. ಶುಗರ್, ಥೈರಾಯ್ಡ್, ಹಿಂದೆ ಕಣ್ಣಿಗೆ ಆಗಿರೋ ಆಪರೇಷನ್ ಹೇಳಿ. ಬಸುರಿ ಇದ್ರೆ ಕರಿಗುಡ್ಡೆಯ ಬಾಗು ಸ್ವಲ್ಪ ಬದಲಾಗೋದುಂಟು, ಹೊಸದಾಗಿ ಶುರು ಮಾಡೋದನ್ನ ಹೆರಿಗೆ ಆದ ಮೇಲೆ ಇಟ್ಕೊಳ್ಳಿ. ಚಿಕ್ಕಂದಿನಿಂದ ಕಣ್ಣು ಉಜ್ಜೋ ಚಾಳಿ ಇದ್ದು ಸಿಲಿಂಡರ್ ನಂಬರ್ (ಕರಿಗುಡ್ಡೆಯ ಬಾಗು ಎಲ್ಲಾ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡೋ ನಂಬರ್) ವರ್ಷ ವರ್ಷ ಏರ್ತಿದ್ರೆ ಕೆರಟೋಕೋನಸ್ ಇದ್ಯಾ ಅಂತ ನೋಡಿಸಲೇಬೇಕು. ಅಂದ್ರೆ ಕರಿಗುಡ್ಡೆ ತೆಳ್ಳಗಾಗಿ ಮುಂದಕ್ಕೆ ಚೂಪಾಗೋದು, ಅದಕ್ಕೆ ಬೇಕಾಗೋ ಲೆನ್ಸೇ ಬೇರೆ, ಅಂಗಡಿ ಲೆನ್ಸ್ ಕೆಲಸಕ್ಕೆ ಬರಲ್ಲ. ಕಣ್ಣಲ್ಲಿ ಕಾಯಿಲೆ ಇದೆ ಅಂತ ಅನುಮಾನ ಇದ್ರೆ ಮೊದಲು ಕಣ್ಣಿನ ಡಾಕ್ಟರ್ ನೋಡಲಿ, ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ಕಣ್ಣಿನ ವಿಭಾಗ ಇದೆ.

ಕನ್ನಡಕದ ನಂಬರೇ ಲೆನ್ಸ್ ನಂಬರ್ ಅನ್ನೋದು ಇಲ್ಲಿ ಎಲ್ರೂ ಮಾಡೋ ತಪ್ಪು. ಕನ್ನಡಕ ಕಣ್ಣಿಂದ ಸುಮಾರು 12 ಮಿಲಿಮೀಟರ್ ದೂರ ಇರತ್ತೆ, ಲೆನ್ಸ್ ಕಣ್ಣ ಮೇಲೇ ಕೂರತ್ತೆ. ಕಮ್ಮಿ ನಂಬರಿಗೆ ವ್ಯತ್ಯಾಸ ಗೊತ್ತಾಗಲ್ಲ, 4 ದಾಟಿದ ಮೇಲೆ ಗೊತ್ತಾಗತ್ತೆ. ಕನ್ನಡಕದಲ್ಲಿ ಮೈನಸ್ 6 ಇದ್ರೆ ಲೆನ್ಸಲ್ಲಿ ಮೈನಸ್ 5.50 ಹತ್ತಿರ ಬರತ್ತೆ. ಪ್ಲಸ್ ನಂಬರಿಗೆ ಉಲ್ಟಾ, ಜಾಸ್ತಿ ಆಗತ್ತೆ. ಸಿಲಿಂಡರ್ 0.75 ಅಥವಾ ಮೇಲಿದ್ರೆ ಅದಕ್ಕಂತಾನೇ ಮಾಡಿರೋ ಟಾರಿಕ್ ಲೆನ್ಸ್ ಬೇಕಾಗತ್ತೆ, ಸಾದಾ ಲೆನ್ಸ್ ಹಾಕಿದ್ರೆ ಬೋರ್ಡ್ ಓದೋಕಾದ್ರೂ ಅಂಚೆಲ್ಲ ಕಲಸಿದಂಗೆ ಕಾಣತ್ತೆ.

ಕೊನೆಗೆ ಲೆನ್ಸಿನ ಚೀಟಿ ಬೇರೆ ಬರೆಸ್ಕೊಳ್ಳಿ. ಅದರಲ್ಲಿ ಪವರ್ ಜೊತೆ ಬೇಸ್ ಕರ್ವ್ ಅಂದ್ರೆ ಲೆನ್ಸಿನ ಒಳಗಡೆಯ ಬಾಗು ಇರಬೇಕು, ಸಾಫ್ಟ್ ಲೆನ್ಸಲ್ಲಿ ಸಾಮಾನ್ಯವಾಗಿ 8.4, 8.6 ಹೀಗೆ, ಡಯಾಮೀಟರ್ 14 ಆಸುಪಾಸು, ಬ್ರಾಂಡ್ ಹೆಸರು, ಎಷ್ಟು ದಿನಕ್ಕೆ ಬದಲಾಯಿಸಬೇಕು ಅನ್ನೋದು. ಇಷ್ಟು ಬರೆಯದೆ "ಇದೇ ನಂಬರ್ ತಗೊಳ್ಳಿ" ಅಂದ್ರೆ ಬೇರೆ ಕಡೆ ಹೋಗಿ.

## ಹಂತ 6: ಟ್ರಯಲ್ ಹಾಕ್ಸಿ, ಅಲ್ಲೇ ಕಲೀರಿ

ಟ್ರಯಲ್ ಲೆನ್ಸ್ ಹಾಕಿದ ತಕ್ಷಣ ಚೆನ್ನಾಗಿದೆ ಅಂತ ದುಡ್ಡು ಕೊಡಬೇಡಿ. ಇಪ್ಪತ್ತು ಮೂವತ್ತು ನಿಮಿಷ ಹಾಕ್ಕೊಂಡು ಹೊರಗೆ ಒಂದು ರೌಂಡ್ ಹೋಗಿ ಬನ್ನಿ, ಬಿಎಂ ರೋಡಿನ ಬಿಸಿಲು ಗಾಳಿ ಧೂಳು ಎಲ್ಲಾ ಸಿಗತ್ತೆ. ವಾಪಸ್ ಬಂದ ಮೇಲೆ ಲೆನ್ಸ್ ಸ್ವಲ್ಪ ಅಲ್ಲಾಡ್ತಿದ್ಯಾ ಅಂತ ಮಷಿನಲ್ಲಿ ನೋಡ್ತಾರೆ. ಅಲ್ಲಾಡದೆ ಕಚ್ಚಿಕೊಂಡಿದ್ರೂ ತಪ್ಪು, ಜಾಸ್ತಿ ಓಡಾಡಿದ್ರೂ ತಪ್ಪು.

ಆಮೇಲೆ ಕೈಪಾಠ. ಬೆರಳ ತುದಿ ಮೇಲೆ ಇಟ್ಟಾಗ ಲೆನ್ಸ್ ಬಟ್ಟಲಿನ ಹಾಗೆ ದುಂಡಗೆ ನಿಂತ್ರೆ ಸರಿ, ಅಂಚು ತಟ್ಟೆಯಂಗೆ ಹೊರಗೆ ಮಗುಚಿದ್ರೆ ಒಳ ಹೊರಗಾಗಿದೆ. ತೆಗೆಯುವಾಗ ಮೇಲೆ ನೋಡಿ, ತೋರುಬೆರಳಲ್ಲಿ ಲೆನ್ಸನ್ನ ಬಿಳಿಗುಡ್ಡೆಗೆ ಇಳಿಸಿ, ಅಲ್ಲಿ ಹೆಬ್ಬೆರಳು ತೋರುಬೆರಳ ಮೆತ್ತನೆ ಭಾಗದಲ್ಲಿ ಮೆಲ್ಲಗೆ ಚಿವುಟಿ. ಕರಿಗುಡ್ಡೆ ಮೇಲೇ ಚಿವುಟೋಕೆ ಹೋದ್ರೆ ಗೀರು ಬೀಳತ್ತೆ. ಲೆನ್ಸ್ ಕಣ್ಣಿನ ಹಿಂದೆ ಹೋಗಿಬಿಡತ್ತೆ ಅನ್ನೋ ಭಯ ಎಲ್ರಿಗೂ ಇರತ್ತೆ, ಬಿಳಿಗುಡ್ಡೆ ಮೇಲಿನ ಪೊರೆ ಮಡಚಿಕೊಂಡು ರೆಪ್ಪೆ ಒಳಗೆ ಅಂಟಿರೋದ್ರಿಂದ ಹಿಂದೆ ಹೋಗೋಕೆ ದಾರಿನೇ ಇಲ್ಲ. ರೆಪ್ಪೆ ಅಡಿ ಸಿಕ್ಕಿಕೊಂಡ್ರೆ ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ ರೆಪ್ಪೆ ಮೇಲಿಂದ ಮೆಲ್ಲಗೆ ಸವರಿದ್ರೆ ಬರತ್ತೆ.

ಪಾಸ್ ಅಂತ ನಾನು ಹೇಳೋದು ಯಾವಾಗ ಅಂದ್ರೆ ಎರಡೂ ಕಣ್ಣಿಗೆ ತಾವೇ ಹಾಕಿ, ತಾವೇ ಮೂರು ಸಲ ತೆಗೆದು ತೋರಿಸಿದಾಗ. ಅಂಗಡಿಯವರು ಹಾಕಿ ಕಳಿಸಿದ್ರೆ, ಮನೆಗೆ ಹೋಗಿ ಯೂಟ್ಯೂಬ್ ನೋಡಿ ತೆಗೀರಿ ಅಂದ್ರೆ, ಆ ಲೆನ್ಸ್ ಅಲ್ಲೇ ತೆಗೆಸ್ಕೊಂಡು ಬನ್ನಿ. ಒಂದೇ ದಿನಕ್ಕೆ ಬರದೇ ಇರಬಹುದು, ಇನ್ನೊಂದು ದಿನ ಹೋಗಿ. ಕೈ ನಡುಗಿ ಕಣ್ಣು ಕೆಂಪಾದ ಮೇಲೂ ಹಟ ಮಾಡಬೇಡಿ.

ಯಾವ ಲೆನ್ಸ್ ಅನ್ನೋದಕ್ಕೆ ಜಾಸ್ತಿ ಹೇಳಲ್ಲ. ಹೊಸಬರಿಗೆ, ಮಕ್ಕಳಿಗೆ, ವಾರಕ್ಕೆ ಎರಡು ಮೂರು ದಿನ ಮಾತ್ರ ಹಾಕೋರಿಗೆ ಡೈಲಿ. ದಿನಾ ಹಾಕೋರಿಗೆ ಖರ್ಚು ನೋಡ್ಕೊಂಡು ಮಂತ್ಲಿ, ಅಂದ್ರೆ ರಾತ್ರಿ ತೆಗೆದು ತೊಳೆದಿಟ್ಟು 30 ದಿನ ಅದನ್ನೇ ಹಾಕೋದು. ಮಂತ್ಲಿ ರೇಟ್ ನೋಡುವಾಗ ಸೊಲ್ಯೂಷನ್ನು, 3 ತಿಂಗಳಿಗೊಂದು ಹೊಸ ಡಬ್ಬಿ ಎಲ್ಲಾ ಸೇರಿಸಿ ವರ್ಷದ ಲೆಕ್ಕ ಹಾಕಿ. ಆ ಲೆಕ್ಕ ಜೇಬಿಗೆ ಭಾರ ಅನ್ಸಿದ್ರೆ ಶುರು ಮಾಡಬೇಡಿ, ಯಾಕಂದ್ರೆ ದುಡ್ಡು ಉಳಿಸೋಕೆ ಅಂತ 30 ದಿನದ ಲೆನ್ಸನ್ನ 60 ದಿನ ಎಳೆಯೋದು ಅಲ್ಲಿಂದಾನೇ ಶುರುವಾಗೋದು. ಇನ್ನೊಂದು, ಹೊಸ ಲೆನ್ಸಿನ ಪ್ಯಾಕ್ ತೆರೆದ ದಿನದಿಂದ 30 ದಿನ ಅಂತ ಲೆಕ್ಕ, ಹಾಕಿದ ದಿನ ಎಣಿಸೋದಲ್ಲ.

## ಹಂತ 7: ಮೊದಲ ಎರಡು ವಾರ

ಮೊದಲನೇ ದಿನ 4 ಗಂಟೆ ಸಾಕು, ದಿನಕ್ಕೊಂದು ಗಂಟೆ ಏರಿಸ್ತಾ 8, 10 ಗಂಟೆಗೆ ತನ್ನಿ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ರೆ ಅದನ್ನೇ ಮಾಡಿ. ಮೊದಲನೇ ದಿನ ಬೈಕ್ ಬೇಡ, ಮುಳ್ಳಯ್ಯನಗಿರಿ ಟ್ರಿಪ್ಪಂತೂ ಬೇಡವೇ ಬೇಡ. ಯಾವಾಗಲೂ ಬಲಗಣ್ಣಿಂದ ಶುರು ಮಾಡೋ ಅಭ್ಯಾಸ ಇಟ್ಕೊಂಡ್ರೆ ಅದಲು ಬದಲು ಆಗಲ್ಲ.

ಮಂತ್ಲಿ ಹಾಕೋರು ತೆಗೆದ ಲೆನ್ಸನ್ನ ಅಂಗೈಲಿ ಇಟ್ಟು ಸೊಲ್ಯೂಷನ್ ಹಾಕಿ ಬೆರಳಲ್ಲಿ ಉಜ್ಜಿ, "ನೋ ರಬ್" ಅಂತ ಬಾಟ್ಲಿ ಮೇಲೆ ಬರೆದಿದ್ರೂ ಉಜ್ಜಿ. ಡಬ್ಬಿಗೆ ದಿನಾ ಹೊಸ ಸೊಲ್ಯೂಷನ್, ನಿನ್ನೆದಕ್ಕೇ ಸ್ವಲ್ಪ ಸೇರಿಸೋದು ಇಲ್ಲ. ಮೆಡಿಕಲ್ ಶಾಪಲ್ಲಿ ಕಮ್ಮಿ ರೇಟಿಗೆ ಸಿಗೋ ಸಲೈನ್ ಕ್ರಿಮಿ ಕೊಲ್ಲಲ್ಲ, ಅದರಲ್ಲಿ ಇಡಬೇಡಿ. ಡಬ್ಬಿ ಒಣಗಿಸೋದು ಮಳೆಗಾಲದಲ್ಲಿ ದೊಡ್ಡ ತಲೆನೋವು, ಜುಲೈಯಲ್ಲಿ ಮಲೆನಾಡಲ್ಲಿ ಬಟ್ಟೆನೇ ಒಣಗಲ್ಲ ಇನ್ನು ಡಬ್ಬಿ ಎಲ್ಲಿ ಒಣಗತ್ತೆ. ಸೊಲ್ಯೂಷನ್ನಲ್ಲೇ ತೊಳೆದು, ಹೊಸ ಟಿಶ್ಯೂನಲ್ಲಿ ಒಳಗೆ ಒರೆಸಿ, ಟಿಶ್ಯೂ ಮೇಲೆ ಬೋರಲು ಹಾಕಿ, ಬಚ್ಚಲುಮನೆಯಿಂದ ದೂರ ಇಡಿ.

ಒಂದು ವಾರ ಹತ್ತು ದಿನಕ್ಕೆ ಚೆಕಪ್ ಇರತ್ತೆ. ಅವತ್ತು ಲೆನ್ಸ್ ಹಾಕ್ಕೊಂಡು ಎರಡು ಮೂರು ಗಂಟೆ ಆದ ಮೇಲೆ ಹೋಗಿ, ಕಣ್ಣ ಮೇಲೆ ಹೇಗೆ ಕೂತಿದೆ ನೋಡಬೇಕಲ್ಲ. ಏನೂ ತೊಂದರೆ ಇಲ್ಲ ಅಂತ ಈ ಚೆಕಪ್ ತಪ್ಪಿಸೋರೇ ಜಾಸ್ತಿ. ಸಣ್ಣ ಗೀರು, ಅಂಚಿನ ಒತ್ತು ಇವು ನಿಮಗೆ ಗೊತ್ತಾಗೋಕೆ ಮುಂಚೆ ಮಷಿನಲ್ಲಿ ಕಾಣತ್ತೆ.

## ಮದುವೆ ಮನೆಯವರಿಗೆ ಒಂದು ಮಾತು

ನಮ್ಮ ಹತ್ರ ಗಡಿಬಿಡಿಲಿ ಬರೋರಲ್ಲಿ ಮದುಮಕ್ಕಳೇ ಜಾಸ್ತಿ. ಮದುವೆಗೆ ಒಂದು ವಾರ ಇಟ್ಕೊಂಡು ಬಂದ್ರೆ ನಾನು ಬೇಡ ಅಂತೀನಿ. ಕಮ್ಮಿ ಅಂದ್ರೂ ಒಂದೂವರೆ ತಿಂಗಳು ಮುಂಚೆ ಹಂತ 1 ಶುರು ಮಾಡಿ. ಆ ದಿನದ ಲೆಕ್ಕ ಹಾಕಿ ನೋಡಿ: ಬೆಳಗಿನ ಜಾವ ಮೇಕಪ್, ಧಾರೆ, ಹೋಮದ ಹೊಗೆ, ಅಳು, ಮಧ್ಯಾಹ್ನ ಫೋಟೋ, ಸಂಜೆ ಆರತಕ್ಷತೆ ಲೈಟು, ರಾತ್ರಿ ಹನ್ನೆರಡು. ಒಂದೇ ಲೆನ್ಸ್ ಅಷ್ಟು ಹೊತ್ತು ಬೇಡ. ಡೈಲಿ ಲೆನ್ಸ್ ಎರಡು ಜೊತೆ ಇಟ್ಕೊಳ್ಳಿ, ಮಧ್ಯಾಹ್ನ ಒಂದೆರಡು ಗಂಟೆ ಕನ್ನಡಕ, ಸಂಜೆಗೆ ಹೊಸ ಜೊತೆ. ಎಣ್ಣೆ ಅರಿಶಿನ ಶಾಸ್ತ್ರದ ಹೊತ್ತಿಗೆ ಲೆನ್ಸ್ ಬೇಡ. ಮೇಕಪ್ಪಿಗೆ ಮುಂಚೆ ಲೆನ್ಸ್ ಹಾಕಬೇಕು, ಮೇಕಪ್ ತೆಗೆಯೋಕೆ ಮುಂಚೆ ಲೆನ್ಸ್ ತೆಗೀಬೇಕು, ಕಾಡಿಗೆ ರೆಪ್ಪೆ ಕೂದಲಿನ ಒಳಗಂಚಿಗೆ ಹಚ್ಚಬಾರದು. ಲೆನ್ಸ್ ಡಬ್ಬಿ ಯಾರ ಬ್ಯಾಗಲ್ಲಿದೆ ಅಂತ ಹಿಂದಿನ ರಾತ್ರಿನೇ ತೀರ್ಮಾನ ಮಾಡಿ, ಛತ್ರದಲ್ಲಿ ಹುಡುಕೋಕಾಗಲ್ಲ.

ಪಾರ್ಲರಲ್ಲಿ ಕೊಡೋ ಬಣ್ಣದ ಲೆನ್ಸ್, ಅಕ್ಕ ತಂಗಿಯರ ಮಧ್ಯೆ ಬದಲಾಯಿಸ್ಕೊಳ್ಳೋ ಬಣ್ಣದ ಲೆನ್ಸ್ ಯಾವತ್ತೂ ಬೇಡ. ಪವರ್ ಇಲ್ಲ ಅಂದ ಮಾತ್ರಕ್ಕೆ ಅದು ಆಟದ ಸಾಮಾನಲ್ಲ, ಅದಕ್ಕೂ ಅಳತೆ ಬೇಕು, ತಪಾಸಣೆ ಬೇಕು.

## ಈ ಲಕ್ಷಣ ಕಂಡ್ರೆ ತಡ ಮಾಡಬೇಡಿ

ದಿನಾ ಬೆಳಿಗ್ಗೆ ಲೆನ್ಸ್ ಹಾಕಿದ ಮೇಲೆ ಮೂರು ಕೇಳ್ಕೊಳ್ಳಿ: ಕಣ್ಣು ಹಾಯಾಗಿದ್ಯಾ, ಬೆಳ್ಳಗಿದ್ಯಾ, ಚೆನ್ನಾಗಿ ಕಾಣ್ತಿದ್ಯಾ. ಒಂದಕ್ಕೆ ಇಲ್ಲ ಅಂತ ಬಂದ್ರೂ ತೆಗೀರಿ. ತೆಗೆದ ಮೇಲೆ ಪೂರ್ತಿ ಸರಿಹೋದ್ರೆ ಲೆನ್ಸಲ್ಲಿ ಧೂಳೋ ಹರಿದ ಅಂಚೋ ಇರಬಹುದು, ಹೊಸದು ಹಾಕಿ ನೋಡಿ.

ತೆಗೆದ ಮೇಲೂ ನೋವು ಹೋಗ್ಲಿಲ್ಲ, ಕಣ್ಣು ಕೆಂಪಾಗ್ತಾನೇ ಇದೆ, ಬೆಳಕು ನೋಡೋಕಾಗ್ತಿಲ್ಲ, ಮಂಜಾಗಿ ಕಾಣ್ತಿದೆ, ಗೀಜು ಬರ್ತಿದೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣ್ತಿದೆ ಅಂದ್ರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ನಾಳೆ ನೋಡೋಣ ಬೇಡ. ಭಾನುವಾರ ಕ್ಲಿನಿಕ್ ಮುಚ್ಚಿದ್ರೆ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಮದ್ರಾಸ್ ಐ ಇರಬೇಕು ಅಂತ ಪಕ್ಕದ ಮನೆಯವರು ಹೇಳಿದ ಡ್ರಾಪ್ಸ್ ಬೇಡ, ಮೆಡಿಕಲ್ ಶಾಪಲ್ಲಿ ಕೊಡೋ ಡ್ರಾಪ್ಸಲ್ಲಿ ಸ್ಟೀರಾಯ್ಡ್ ಇದ್ರೆ ಇನ್ಫೆಕ್ಷನ್ ಒಳಗೊಳಗೇ ಹಬ್ಬತ್ತೆ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು, ರೋಸ್ ವಾಟರ್ ಯಾವುದೂ ಬೇಡ. ಕಣ್ಣಿಗೆ ಬ್ಯಾಂಡೇಜ್ ಕಟ್ಟೋದೂ ಬೇಡ, ಮುಚ್ಚಿದ ಕಣ್ಣಲ್ಲಿ ಕ್ರಿಮಿ ಇನ್ನೂ ಜೋರಾಗಿ ಬೆಳೆಯತ್ತೆ.

ತೆಗೆದ ಲೆನ್ಸನ್ನ ಎಸೀಬೇಡಿ. ಲೆನ್ಸು, ಡಬ್ಬಿ, ಸೊಲ್ಯೂಷನ್ ಬಾಟ್ಲಿ ಮೂರನ್ನೂ ಕವರಲ್ಲಿ ಹಾಕ್ಕೊಂಡು ಹೋಗಿ, ಯಾವ ಕ್ರಿಮಿ ಅಂತ ಪತ್ತೆ ಮಾಡೋಕೆ ಲ್ಯಾಬಿಗೆ ಕಳಿಸಬೇಕಾಗಬಹುದು. ಲೆನ್ಸ್ ಹಾಕ್ತೀನಿ ಅಂತ ಮೊದಲನೇ ಮಾತಲ್ಲೇ ಹೇಳಿ, ಹಾಕ್ಕೊಂಡು ಮಲಗಿದ್ರೆ, ಹೊಳೇಲಿ ಇಳಿದಿದ್ರೆ ಅದನ್ನೂ ಹೇಳಿ, ಬೈಸ್ಕೊಂಡ್ರೂ ಪರವಾಗಿಲ್ಲ. ವಾಸಿ ಆದ ಮೇಲೆ ಡಾಕ್ಟರ್ ಹೂಂ ಅನ್ನೋವರೆಗೆ ಕನ್ನಡಕ, ಆಮೇಲೆ ಹೊಸ ಲೆನ್ಸು, ಹೊಸ ಡಬ್ಬಿ, ಹೊಸ ಬಾಟ್ಲಿ, ಮತ್ತೆ 4 ಗಂಟೆಯಿಂದ ಶುರು.